ಟಿಣ್ ಟಿಣ್ ಅಂದದ್ದು ಯಾವ ಬಾಗಿಲು?

ಸಿಂಧನೂರು ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ನಮ್ಮ ಕಾರು ಟಿಣ್ ಟಿಣ್ ಟಿಣ್ ಎಂದು ಶುರುಮಾಡಿತು. ಕಾರು ಹಳೆಯದು; ಹಿಂದಿನ ಸೀಟಿನಲ್ಲಿ ಕೂತಿದ್ದ ಅಕ್ಕನ ಇಬ್ಬರು ಮಕ್ಕಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಲಿಂಗಸುಗೂರಿನ ನೆಂಟರ ಮನೆಗೆ ಹೊರಟಿದ್ದೆವು. ನನ್ನ ಪಕ್ಕದ ಸೀಟಿನಲ್ಲಿ ಅವರಿಗಾಗಿ ತಂದ ಸೋನಾ ಮಸೂರಿ ಅಕ್ಕಿಯ ಚೀಲ ಇತ್ತು.

“ಮಾಮಾ, ಗಾಡಿ ಅಳಾಕತ್ತೈತಿ” ಎಂದಳು ಐದನೇ ತರಗತಿಯ ಹುಡುಗಿ.

ಗಾಡಿ ಬದಿಗೆ ನಿಲ್ಲಿಸಿ ಮೊದಲು ಡ್ಯಾಶ್‌ಬೋರ್ಡ್ ನೋಡಿದೆ. ಅಲ್ಲಿ ಎಣ್ಣೆ ಗಿಂಡಿಯಂಥ ಕೆಂಪು ದೀಪವೋ, ಎಂಜಿನ್ ಬಿಸಿಯಾಗಿದೆ ಎನ್ನುವ ದೀಪವೋ ಹತ್ತಿದ್ದರೆ ಎಂಜಿನ್ ಆರಿಸಿಬಿಡಬೇಕು, ಮುಂದಿನ ಮಾತೆಲ್ಲ ಆಮೇಲೆ. ಎರಡೂ ಹತ್ತಿರಲಿಲ್ಲ.

ಎಂಟನೇ ತರಗತಿಯ ಹುಡುಗ ಅಕ್ಕಿ ಚೀಲದ ಕಡೆ ಬೆರಳು ತೋರಿಸಿದ. ಅವನ ಊಹೆ ಚೆನ್ನಾಗಿತ್ತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ, ಮುಂದೆ ಕೂತವರು ಸೀಟ್ ಬೆಲ್ಟ್ ಹಾಕದಿದ್ದರೆ ಸದ್ದು ಬರಲೇಬೇಕು ಎಂಬ ನಿಯಮವಿದೆ. ಪಕ್ಕದ ಸೀಟಿನ ಕೆಳಗೆ ಭಾರ ತಿಳಿಯುವ ಒಂದು ಸಾಧನ ಇರುತ್ತದೆ. ಕೂತಿರುವುದು ಮನುಷ್ಯನೋ ಅಕ್ಕಿಯೋ ಅದಕ್ಕೆ ತಿಳಿಯದು, ಭಾರವಷ್ಟೇ ತಿಳಿಯುತ್ತದೆ. ನಮ್ಮ ಗಾಡಿ ಆ ನಿಯಮಕ್ಕಿಂತ ಹಳೆಯದು. ಆದರೂ ಊಹೆಯನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲ. ಚೀಲವನ್ನು ಡಿಕ್ಕಿಗೆ ಹಾಕಿದೆವು, ಬೇರೇನನ್ನೂ ಮುಟ್ಟಲಿಲ್ಲ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದಾಗ ಸದ್ದು ನಿಂತರೆ ನಿಲ್ಲಿಸಿದ್ದು ಯಾವುದೆಂದು ಹೇಗೆ ಹೇಳುತ್ತೀರಿ?

ಮುಂದೆ ಹೊರಟೆವು. ಟಿಣ್ ಟಿಣ್ ಟಿಣ್.

ಸದ್ದು ಎಲ್ಲಿಂದ ಬರುತ್ತಿದೆ ಎಂಬುದಕ್ಕೇ ಮಕ್ಕಳಿಬ್ಬರಿಗೂ ಜಗಳ. ರೇಡಿಯೊ ಹಿಂದಿನಿಂದ ಎಂದಳು ಅವಳು, ಸ್ಟೇರಿಂಗ್ ಕೆಳಗಿನಿಂದ ಎಂದ ಅವನು. ತಪ್ಪು ಅವರ ಕಿವಿಯದ್ದಲ್ಲ. ಸದ್ದು ಬಂದ ದಿಕ್ಕನ್ನು ನಮ್ಮ ಮೆದುಳು ಎರಡು ಕಿವಿಗಳ ವರದಿ ಹೋಲಿಸಿ ಕಂಡುಹಿಡಿಯುತ್ತದೆ. ದಪ್ಪ ದನಿಯಾದರೆ ಯಾವ ಕಿವಿಗೆ ಮೊದಲು ತಲುಪಿತು ಎಂದು ನೋಡುತ್ತದೆ. ತುಂಬ ಕೀರಲು ದನಿಯಾದರೆ ಯಾವ ಕಿವಿಗೆ ಜೋರಾಗಿ ಕೇಳಿತು ಎಂದು ನೋಡುತ್ತದೆ, ಏಕೆಂದರೆ ತಲೆಯೇ ಅಡ್ಡ ನಿಂತು ಇನ್ನೊಂದು ಕಿವಿಗೆ ನೆರಳು ಹಾಕಿರುತ್ತದೆ. ಸೆಕೆಂಡಿಗೆ ಎರಡು ಸಾವಿರದ ಆಸುಪಾಸು ಸಲ ಕಂಪಿಸುವ ಒಂಟಿ ಸ್ವರಕ್ಕೆ ಈ ಎರಡು ಉಪಾಯಗಳೂ ಸರಿಯಾಗಿ ಒದಗುವುದಿಲ್ಲ. ಎಚ್ಚರಿಕೆಯ ಬಝರುಗಳ ಸ್ವರ ಹೆಚ್ಚಾಗಿ ಅಲ್ಲೇ ಎಲ್ಲೋ ಇರುತ್ತದೆ. ನಮ್ಮ ಕಿವಿ ಚುರುಕಾಗಿರುವುದು ಎರಡು ಸಾವಿರದಿಂದ ಐದು ಸಾವಿರದ ನಡುವಿನ ಕಂಪನಗಳಿಗೆ. ಹಾಗಾಗಿ ಆ ಸದ್ದು ಚೆನ್ನಾಗಿ ಕೇಳಿಸುತ್ತದೆ, ಎಲ್ಲಿಂದ ಎಂದು ಮಾತ್ರ ಗೊತ್ತಾಗುವುದಿಲ್ಲ.

ಬಹಳಷ್ಟು ಬಝರುಗಳೊಳಗೆ ಕಾಸಿನಗಲದ ಹಿತ್ತಾಳೆಯ ಬಿಲ್ಲೆ, ಅದಕ್ಕೆ ಅಂಟಿಸಿದ ತೆಳು ಪಿಂಗಾಣಿಯಂಥ ಪದರ ಇರುತ್ತದೆ. ವಿದ್ಯುತ್ ಕೊಟ್ಟರೆ ಆ ಪದರ ಒಂದಿಷ್ಟೇ ಹಿಗ್ಗಿ ಕುಗ್ಗುತ್ತದೆ. ಅದರ ಜೊತೆ ಬಿಲ್ಲೆ ಬಾಗುತ್ತದೆ, ಗಾಳಿ ಅದುರುತ್ತದೆ, ಸದ್ದು ಹುಟ್ಟುತ್ತದೆ. ಇದೇ ಗುಣವನ್ನು ತಿರುಗಿಸಿ ಬಳಸುವ ವಸ್ತು ಹಲವರ ಅಡುಗೆಮನೆಯಲ್ಲಿದೆ: ಟಕ್ ಎನ್ನುವ ಗ್ಯಾಸ್ ಲೈಟರ್. ಅದರೊಳಗಿನ ಹರಳಿನಂಥ ತುಂಡಿಗೆ ಪೆಟ್ಟು ಬಿದ್ದಾಗ ವಿದ್ಯುತ್ ಹುಟ್ಟಿ ಕಿಡಿ ಹಾರುತ್ತದೆ. ಒತ್ತಿದರೆ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ತೋರಿಸಿದವರು ಫ್ರಾನ್ಸಿನ ಅಣ್ಣತಮ್ಮಂದಿರು, ಜಾಕ್ ಕ್ಯೂರಿ ಮತ್ತು ಪಿಯೇರ್ ಕ್ಯೂರಿ.

ಬಝರಿನ ಕೆಲಸ ಕೂಗುವುದು. ಕೂಗಿಸುತ್ತಿರುವವರು ಬೇರೆ ಯಾರೋ. ಅವರನ್ನು ಹುಡುಕಬೇಕಿತ್ತು.

ಸುಳಿವು ಹಿಡಿದವಳು ಹುಡುಗಿ. “ಮಾಮಾ, ಗುಂಡಿ ಬಂದಾಗಷ್ಟ ಒದರತೈತಿ ನೋಡು.” ಹೌದಲ್ಲ! ನುಣುಪು ರಸ್ತೆಯಲ್ಲಿ ಸದ್ದು ಅಡಗುತ್ತಿತ್ತು, ಚಕ್ರ ಗುಂಡಿಗೆ ಇಳಿದರೆ ಮತ್ತೆ ಟಿಣ್. ಅಂದರೆ ಅಲುಗಾಡುವ ಯಾವುದೋ ಒಂದು ಇದಕ್ಕೆ ಕಾರಣ. ಚಾವಣಿಯ ಒಳದೀಪದ ಸ್ವಿಚ್ಚನ್ನು ನಡುವಿಗೆ ಸರಿಸಲು ಹುಡುಗನಿಗೆ ಹೇಳಿದೆ. ಅಲ್ಲಿಟ್ಟರೆ ಬಾಗಿಲು ತೆರೆದಾಗ ಮಾತ್ರ ದೀಪ ಹತ್ತಬೇಕು. ಮುಂದಿನ ಗುಂಡಿ ಬಂತು. ಟಿಣ್ ಅಂದದ್ದೇ ತಡ, ದೀಪವೂ ಮಿಣಕ್ ಎಂದಿತು. ಬಾಗಿಲು ತೆರೆದಿದೆ ಎಂದು ಕಾರು ತಿಳಿದುಕೊಂಡಿತ್ತು. ನಾಲ್ಕೂ ಬಾಗಿಲು ಭದ್ರವಾಗಿಯೇ ಹಾಕಿದ್ದವು.

ಹಳೆಯ ಕಾರಿನ ಬಾಗಿಲು ತೆರೆದು ಚೌಕಟ್ಟಿನ ಬದಿ ನೋಡಿ. ರಬ್ಬರ್ ಟೊಪ್ಪಿಗೆ ಹಾಕಿದ ಸಣ್ಣ ಕಡ್ಡಿಯೊಂದು ಹೊರಗೆ ಇಣುಕುತ್ತಿರುತ್ತದೆ. ಅದೇ ಡೋರ್ ಸ್ವಿಚ್. ಬಾಗಿಲು ಹಾಕಿದಾಗ ಕಡ್ಡಿ ಒಳಗೆ ಒತ್ತಿಕೊಂಡು ವಿದ್ಯುತ್ತಿನ ದಾರಿ ಕಡಿಯುತ್ತದೆ. ತೆರೆದಾಗ ಸ್ಪ್ರಿಂಗ್ ಕಡ್ಡಿಯನ್ನು ಹೊರಗೆ ತಳ್ಳುತ್ತದೆ, ದಾರಿ ಕೂಡುತ್ತದೆ. ಮನೆಯ ಕಾಲಿಂಗ್ ಬೆಲ್‌ನಲ್ಲಿ ಒತ್ತಿದರೆ ಸದ್ದು, ಇಲ್ಲಿ ಒತ್ತದಿದ್ದರೆ ಸದ್ದು. ಇನ್ನೊಂದು ಸೊಗಸು ಎಂದರೆ ಇದಕ್ಕೆ ಒಂದೇ ವೈರ್ ಸಾಕು. ವಾಪಸು ದಾರಿಯಾಗಿ ಕಾರಿನ ಕಬ್ಬಿಣದ ಮೈಯೇ ಇದೆ. ಬ್ಯಾಟರಿಯ ಮೈನಸ್ ತುದಿಯನ್ನು ಅದಕ್ಕೇ ಜೋಡಿಸಿರುತ್ತಾರೆ. ಮೆಕ್ಯಾನಿಕ್‌ಗಳು ಅರ್ಥ್ ಅನ್ನುವುದು ಇದನ್ನೇ.

ನಮ್ಮ ಗಾಡಿಯಲ್ಲಿ ನಾಲ್ಕು ಬಾಗಿಲುಗಳ ಸ್ವಿಚ್‌ಗಳೂ ಸಮಾಂತರವಾಗಿ ಜೋಡಣೆಯಾಗಿವೆ. ಒಂದು ಹಿತ್ತಿಲಿಗೆ ನಾಲ್ಕು ಗೇಟು ಇದ್ದಂತೆ: ಯಾವುದೇ ಒಂದು ತೆರೆದಿದ್ದರೂ ಆಡು ಒಳಗೆ ಬರುತ್ತದೆ. ಆಡು ಒಳಗೆ ಬಂದಿದೆ ಎಂದು ಗೊತ್ತು, ಯಾವ ಗೇಟಿನಿಂದ ಎಂದು ಗೊತ್ತಿಲ್ಲ.

ಅಷ್ಟರಲ್ಲಿ ಮಸ್ಕಿ ಬಂತು. ಬೇವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ಎಲ್ಲ ಬಾಗಿಲು ಹಾಕಿ, ನಾನೊಬ್ಬ ಒಳಗೆ ಕೂತು ದೀಪ ನೋಡುತ್ತಿದ್ದೆ. ಮಕ್ಕಳು ಹೊರಗಿನಿಂದ ಒಂದೊಂದೇ ಬಾಗಿಲು ಹಿಡಿದು ಜಗ್ಗಿ ಅಲುಗಿಸಿದರು. ಗುಂಡಿಯ ಕೆಲಸವನ್ನು ಕೈಯಿಂದ ಮಾಡಿಸಿದ್ದು ಅಷ್ಟೆ. ಮುಂದಿನ ಎರಡೂ ಸುಮ್ಮನಿದ್ದವು. ಹಿಂದಿನ ಬಲಗಡೆಯದೂ ಸುಮ್ಮನಿತ್ತು. ಹಿಂದಿನ ಎಡ ಬಾಗಿಲು ಅಲುಗಿತು, ದೀಪ ಮಿಣುಕಿತು. ಮಕ್ಕಳು ದಿನವೂ ಹತ್ತಿ ಇಳಿಯುವ ಬಾಗಿಲು ಅದು! ಸಾವಿರಾರು ಸಲ ಬಡಿಸಿಕೊಂಡು ರಬ್ಬರ್ ಟೊಪ್ಪಿಗೆ ಸವೆದಿತ್ತು. ಬಾಗಿಲು ಹಾಕಿದರೂ ಕಡ್ಡಿ ಸಾಕಷ್ಟು ಒಳಗೆ ಹೋಗುತ್ತಿರಲಿಲ್ಲ.

ಹಾಗೆಂದು ನಮ್ಮ ಊಹೆ. ಮಸ್ಕಿಯಲ್ಲಿ ನಿಂತು ಊಹೆಯ ಬಗ್ಗೆ ಮಾತಾಡುವಾಗ ಅಲ್ಲಿಯ ಶಾಸನದ ಬಂಡೆಯನ್ನು ನೆನೆಯದೆ ಇರಲು ನನಗಾಗದು. ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮಿ ಲಿಪಿಯನ್ನು ಓದಿದ್ದರು. ದೇಶದ ಹಲವೆಡೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಿದ್ದವು, ರಾಜನ ಹೆಸರಿರಲಿಲ್ಲ. ಅವನು ಅಶೋಕನೇ ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡರು. ಅದರಲ್ಲಿ ದೇವಾನಾಂಪಿಯನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಊಹೆಯಾಗಿದ್ದದ್ದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು.

ನಮ್ಮ ಬಾಗಿಲಿಗೂ ಸಾಕ್ಷಿ ಬೇಕು ಎಂದ ಹುಡುಗ. ನೋಟ್‌ಬುಕ್ಕಿನ ರಟ್ಟು ಹರಿದು, ನಾಲ್ಕು ಮಡಿಕೆ ಮಾಡಿ, ಬಾಗಿಲಿನಲ್ಲಿ ಕಡ್ಡಿ ತಾಗುವ ಜಾಗಕ್ಕೆ ಟೇಪಿನಿಂದ ಅಂಟಿಸಿದ. ಸವೆದ ಟೊಪ್ಪಿಗೆಯ ಬದಲು ರಟ್ಟು ಕಡ್ಡಿಯನ್ನು ಒತ್ತಲಿ ಎಂದು. ಗಾಡಿ ಹೊರಟಿತು. ಮೊದಲ ಗುಂಡಿ ಬಂತು. ಮೂವರೂ ಉಸಿರು ಬಿಗಿಹಿಡಿದೆವು. ಸದ್ದಿಲ್ಲ. ಎರಡನೆಯದು ಬಂತು, ಸದ್ದಿಲ್ಲ.

ಲಿಂಗಸುಗೂರಿನಲ್ಲಿ ಎಲೆಕ್ಟ್ರಿಷಿಯನ್ ಒಂದೇ ಸ್ಕ್ರೂ ಬಿಚ್ಚಿ ಸ್ವಿಚ್ ಹೊರಗೆಳೆದರು. ವೈರ್ ಜಾರಿ ಚೌಕಟ್ಟಿನೊಳಗೆ ಬೀಳದ ಹಾಗೆ ಮೊದಲೇ ಬೆರಳಿಗೆ ಸುತ್ತಿಕೊಂಡರು. ಆ ಜಾಣತನ ನನಗೆ ತುಂಬ ಹಿಡಿಸಿತು. ಸ್ಪ್ರಿಂಗಿನ ಸುತ್ತ ನಮ್ಮ ಹೊಲದ ಎರೆಮಣ್ಣು ಒಣಗಿ ಗಟ್ಟಿಯಾಗಿತ್ತು. “ಭಾಳ ಮಂದಿ ಬಝರ್ ವೈರ್ ಕತ್ತರಿಸಿಬಿಡ್ರಿ ಅಂತಾರ್ರೀ. ನಾಳೆ ಖರೇನ ಬಾಗಿಲಾ ತೆರೆದಿದ್ರ ಯಾರು ಹೇಳಬೇಕ್ರೀ?” ಎಂದು ಹೊಸ ಸ್ವಿಚ್ ಕೂರಿಸಿದರು.

ಸಂಜೆ ಸಿಂಧನೂರಿಗೆ ಮರಳಿದಾಗ ಹುಡುಗಿ ಮನೆಯೊಳಗೆ ಹೋಗಲೇ ಇಲ್ಲ. ಹಿಂದಿನ ಬಾಗಿಲನ್ನು ನಿಧಾನವಾಗಿ, ತೀರ ನಿಧಾನವಾಗಿ ಹಾಕುತ್ತ ದೀಪವನ್ನೇ ನೋಡುತ್ತಿದ್ದಳು. ಬಾಗಿಲು ಪೂರ್ತಿ ಕೂರುವ ಮೊದಲೇ ದೀಪ ಆರಿಬಿಟ್ಟಿತು.

“ಮಾಮಾ, ಚಿಲಕ ಇನ್ನಾ ಬಿದ್ದಿಲ್ಲ. ಗಾಡಿ ಮಾತ್ರ ಬಾಗಿಲಾ ಹಾಕೈತಿ ಅಂತ ತಿಳಕೊಂಡೈತಿ!”

ಹುಡುಗ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತರಲು ಒಳಗೆ ಓಡಿದ.