ನಡೆಯುವವನಿಗೂ ರಸ್ತೆ ಬೇಕಲ್ವಾ?

ಒಂದು ಸರಳ ಪ್ರಶ್ನೆ. ರಸ್ತೆ ಯಾರದ್ದು? ಕಾರಿನವರದ್ದಾ, ಬೈಕಿನವರದ್ದಾ? ಎರಡೂ ಇಲ್ಲದವನು ಎಲ್ಲಿ ನಡೀಬೇಕು?

2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟ ಪಾದಚಾರಿಗಳು 32,825 ಮಂದಿ. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ದಿನಕ್ಕೆ ಸುಮಾರು 90 ಜನ! ಇವರು ಅಡ್ಡಾದಿಡ್ಡಿ ಗಾಡಿ ಓಡಿಸಿದವರಲ್ಲ, ಹೆಲ್ಮೆಟ್ ಮರೆತವರೂ ಅಲ್ಲ. ಸುಮ್ಮನೆ ನಡೆದು ಹೋಗುತ್ತಿದ್ದವರು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ. ಅಂದರೆ ಫುಟ್‌ಪಾತ್ ಯಾರೋ ಕೊಡುವ ಭಿಕ್ಷೆಯಲ್ಲ, ನಮ್ಮ ಹಕ್ಕು.

ಆಗೋದಿಲ್ಲ ಅನ್ನೋರು ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳನ್ನು ನೋಡಿ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ. ಅಲ್ಲಿ ಮಾಡಿದ್ದೇನು? ನೀರು, ಒಳಚರಂಡಿ, ಕೇಬಲ್ ಎಲ್ಲಕ್ಕೂ ನೆಲದಡಿ ಅದರದರದೇ ಜಾಗ. ಇವತ್ತು ಡಾಂಬರು, ನಾಳೆ ಅಗೆತ ಅನ್ನುವ ನಾಟಕಕ್ಕೆ ತೆರೆ ಎಳೆಯುವ ಲೆಕ್ಕಾಚಾರ ಅದು. ಮೇಲೆ ಅಗಲವಾದ ಫುಟ್‌ಪಾತ್. ಗಾಡಿಗಳಿಗೆ ಉದ್ದಕ್ಕೂ ಒಂದೇ ಅಗಲದ ಪಥ. ರಸ್ತೆ ಕಿರಿದಾಯ್ತು ಅಂತ ಗೊಣಗಿದವರೂ ಇದ್ದರು. ಆದರೆ ಒಂದು ಕಡೆ ಅಗಲ, ಮುಂದೆ ಇಕ್ಕಟ್ಟು ಅಂದರೆ ಇಕ್ಕಟ್ಟಾದ ಕಡೆ ಜಾಮ್ ಆಗಲೇಬೇಕಲ್ಲ!

ಅದು ರಾಜಧಾನಿಯ ಮಾತಾಯ್ತು, ನಮ್ಮ ಮಲೆನಾಡಿಗೆ ಯಾಕೆ ಅಂತೀರಾ? ಅಲ್ಲಿಗೇ ಹೆಚ್ಚು ಬೇಕು! ಸಾಗರದ ಬಿ.ಎಚ್. ರಸ್ತೆ ಪೇಟೆ ಬೀದಿಯೂ ಹೌದು, ಹೆದ್ದಾರಿಯೂ ಹೌದು. ಲಾರಿ, ಬಸ್ಸು, ಜೋಗಕ್ಕೆ ಹೊರಟ ಪ್ರವಾಸಿಗರ ಕಾರು, ಇವುಗಳ ನಡುವೆಯೇ ಶಾಲೆ ಮಕ್ಕಳು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರಂತೂ ಕೇಳೋದೇ ಬೇಡ. ತೀರ್ಥಹಳ್ಳಿ, ಹೊಸನಗರಕ್ಕೂ ಮಳೆಗಾಲ ಅಂದರೆ ತಿಂಗಳುಗಟ್ಟಲೆ ಸುರಿಯೋ ಮಳೆ. ಕೈಯಲ್ಲಿ ಕೊಡೆ, ಕಾಲಡಿ ಕೆಸರು, ಪಕ್ಕದಲ್ಲಿ ನೀರೆರಚಿ ಹೋಗುವ ಬಸ್ಸು.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ. ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಮೊಣಕಾಲೆತ್ತರ ಕಟ್ಟಿದರೆ ಅಜ್ಜಿ ಹತ್ತೋದು ಹೇಗ್ರೀ? ಚರಂಡಿಗೆ ಗಟ್ಟಿ ಚಪ್ಪಡಿ, ನೀರು ಹರಿಯೋ ಇಳಿಜಾರು, ಶಾಲೆ-ಬಸ್ ನಿಲ್ದಾಣದ ಮುಂದೆ ಉಬ್ಬಿಸಿದ ದಾಟುದಾರಿ. ಇದೇನು ರಾಕೆಟ್ ಹಾರಿಸೋ ಕೆಲಸವಾ?

ಮುಂದಿನ ಸಲ ನಿಮ್ಮೂರಲ್ಲಿ ರಸ್ತೆ ಅಗಲೀಕರಣ ಅಂದಾಗ ನಕ್ಷೆ ಕೇಳಿ. ಅದರಲ್ಲಿ ಫುಟ್‌ಪಾತ್ ಎಷ್ಟು ಅಗಲ ಅಂತ ಕೇಳಿ. ಕಾಂಕ್ರೀಟ್ ಬಿದ್ದ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

ಯೋಚನೆ ಮಾಡಿ.