ಹಾಡು ಮಾರಾಟಕ್ಕೆ ನಿಂತಾಗ

1968ರಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಯುವಜನ ಬೀದಿಗಿಳಿದಿದ್ದ ಕಾಲದಲ್ಲಿ, ಬೀಟಲ್ಸ್ ತಂಡ ‘ರೆವಲ್ಯೂಷನ್’ ಎಂಬ ಹಾಡು ಹೊರತಂದಿತು. ಬದಲಾವಣೆ ಬೇಕು, ವಿಧ್ವಂಸ ಬೇಡ ಎಂದು ತಂಡದ ಜಾನ್ ಲೆನನ್ ಕಟ್ಟಿದ ಹಾಡದು. 1987ರಲ್ಲಿ ಅದೇ ದನಿ ಅಮೆರಿಕದ ಟಿವಿಯಲ್ಲಿ ನೈಕಿ ಶೂ ಜಾಹೀರಾತಿಗೆ ಬಂತು. ಲೆನನ್ ಆಗ ಬದುಕಿರಲಿಲ್ಲ. ಪತ್ನಿ ಯೋಕೊ ಓನೊ ಒಪ್ಪಿದ್ದರು. ಆದರೆ ಬೀಟಲ್ಸ್‌ನ ಆ್ಯಪಲ್ ಸಂಸ್ಥೆ ಈ ಬಳಕೆಯ ವಿರುದ್ಧ ಮೊಕದ್ದಮೆ ಹೂಡಿತು.

ಹಕ್ಕಿನ ಮಾತು ಹಾಗಿರಲಿ, ನನಗೆ ನೋವಾಗುವುದು ಕೇಳುವವರಿಗಾಗುವ ನಷ್ಟಕ್ಕೆ. ಯಾರದೋ ಮದುವೆಗೆ, ಯಾರದೋ ಅಗಲಿಕೆಗೆ ಅಂಟಿಕೊಂಡ ಹಾಡನ್ನು ಅರ್ಧ ನಿಮಿಷಕ್ಕೆ ಕತ್ತರಿಸಿ ದಿನವಿಡೀ ಕೇಳಿಸಿದರೆ ಆ ನೆನಪೇ ಸವೆದುಹೋಗುತ್ತದೆ. ಹಾಡು ಕೇಳಿದೊಡನೆ ಸರಕು ಕಣ್ಣೆದುರು ಬರುತ್ತದೆ. ಜಾಹೀರಾತು ಮಾಡುವವರೇ, ನಿಮಗೆ ಬೇಕಾದ ರಾಗವನ್ನು ಹೊಸದಾಗಿ ಕಟ್ಟಿಸಿಕೊಳ್ಳಿ. ಹೊಸ ಸಂಗೀತಗಾರರಿಗೆ ಅನ್ನವೂ ಆದೀತು.