ಸ್ಕೋರ್ ಕೆಟ್ಟವರ ಕೈಗೆ ಕೊಡುವ ಕಾರ್ಡು



‘ಸಿಬಿಲ್ ಹಾಳಾಗಿದೆ, ಏನು ಮಾಡಲಿ?’ ಎಂದು ಕೇಳಿಕೊಂಡು ಬರುವವರು ಅಧ್ಯಾಪಕರು, ಬ್ಯಾಂಕ್ ಅಧಿಕಾರಿಗಳು, ಆರ್ಥಿಕ ಸಾಕ್ಷರತಾ ಕೇಂದ್ರಗಳ ಸಮಾಲೋಚಕರಾದ ನಿಮಗೆಲ್ಲ ಪರಿಚಿತರೇ. ಆಸ್ಪತ್ರೆಯ ಖರ್ಚು, ಕೈತಪ್ಪಿದ ಕೆಲಸ, ನೆಂಟರಿಗೆ ಹಾಕಿದ ಜಾಮೀನು, ಇಂಥ ಯಾವುದೋ ಒಂದರಿಂದ ಕಂತು ತಪ್ಪಿದವರು ಅವರು. ಒಂದು ಕಾರ್ಡು ತೆಗೆದುಕೊಂಡು ಸರಿಯಾಗಿ ಕಟ್ಟುತ್ತಾ ಹೋಗಿ, ಕ್ರೆಡಿಟ್ ಸ್ಕೋರ್ ಏರುತ್ತದೆ ಎಂದು ನಾವು ಹೇಳಿ ಕಳಿಸುತ್ತೇವೆ. ಮಾತು ನಿಜವೇ. ಆದರೆ ಆ ಕಾರ್ಡಿಗೆ ಎಷ್ಟು ತೆರಬೇಕು ಎಂಬುದನ್ನು ಹೇಳದೆ ಕಳಿಸಿದರೆ ಅರ್ಧ ಸಲಹೆ ಕೊಟ್ಟಂತೆ.

ಒಂದು ಸಂಗತಿಯನ್ನು ಮೊದಲೇ ಒತ್ತಿ ಹೇಳುತ್ತೇನೆ. ಕ್ರೆಡಿಟ್ ವರದಿಯಲ್ಲಿ ಸಾಲದ ಮಿತಿ ಇರುತ್ತದೆ, ಬಾಕಿ ಇರುತ್ತದೆ, ಎಷ್ಟು ದಿನ ತಡವಾಯಿತು ಎಂಬ ಲೆಕ್ಕವಿರುತ್ತದೆ. ವಾರ್ಷಿಕ ಶುಲ್ಕ ಎಷ್ಟು ಕೊಟ್ಟಿರಿ ಎಂಬ ಕಾಲಮೇ ಅಲ್ಲಿಲ್ಲ. ಎರಡು ಸಾವಿರ ತೆತ್ತು ಪಡೆದ ಕಾರ್ಡೂ ಶುಲ್ಕವಿಲ್ಲದ ಕಾರ್ಡೂ ಆ ವರದಿಯ ಕಣ್ಣಿಗೆ ಒಂದೇ. ಹೆಚ್ಚು ಶುಲ್ಕದಿಂದ ಹೆಚ್ಚು ಅಂಕ ಬರುವುದಿಲ್ಲ.

ಬದಲಿಗೆ ಅಂಕ ಇಳಿಯಬಹುದು. ಇದಕ್ಕೆ ಅಮೆರಿಕದ ಅನುಭವ ನೋಡಬೇಕು. ಅಲ್ಲಿನ ನ್ಯಾಷನಲ್ ಕನ್ಸ್ಯೂಮರ್ ಲಾ ಸೆಂಟರ್ 2007ರಲ್ಲಿ ಸ್ಕೋರ್ ಕೆಟ್ಟವರಿಗೆ ಹೆಚ್ಚು ಶುಲ್ಕಕ್ಕೆ ಕೊಡುವ ಕಾರ್ಡುಗಳ ಬಗ್ಗೆ ಒಂದು ವರದಿ ಹೊರತಂದಿತು. ಅದರಲ್ಲಿನ ಒಂದು ಕಾರ್ಡಿನ ಮಿತಿ 250 ಡಾಲರ್. ಖಾತೆ ತೆರೆಯಲು, ಯೋಜನೆಗೆ ಸೇರಲು, ವರ್ಷಕ್ಕೆ, ತಿಂಗಳಿಗೆ ಎಂದು ಬೇರೆ ಬೇರೆ ಹೆಸರಿನಲ್ಲಿ 178 ಡಾಲರ್ ಶುಲ್ಕ ಮೊದಲೇ ಬಾಕಿಯಾಗಿ ಕೂರುತ್ತಿತ್ತು. ಬಳಸಲು ಉಳಿದದ್ದು 72 ಡಾಲರ್. ಅಂದರೆ ಅಂಗಡಿಯ ಮೆಟ್ಟಿಲು ಹತ್ತುವ ಮುನ್ನವೇ ಮಿತಿಯ ಶೇ 71ರಷ್ಟು ಖಾಲಿ. ಮಿತಿಗೆ ಹೋಲಿಸಿದರೆ ಬಾಕಿ ಎಷ್ಟಿದೆ ಎಂಬುದು ಸ್ಕೋರನ್ನು ನಿರ್ಧರಿಸುವ ಮುಖ್ಯ ಅಂಶಗಳಲ್ಲಿ ಒಂದು. ಸ್ಕೋರ್ ಸರಿಮಾಡಿಕೊಳ್ಳಲೆಂದು ಬಂದವರ ಮೇಲೆ ಮೊದಲ ದಿನವೇ ಆ ಹೊರೆ ಬೀಳುತ್ತಿತ್ತು.

ಅಮೆರಿಕದ 2009ರ ಕಾರ್ಡ್ ಕಾಯ್ದೆ ಮೊದಲ ವರ್ಷದ ಶುಲ್ಕವನ್ನು ಮಿತಿಯ ಶೇ 25ಕ್ಕೆ ಕಟ್ಟಿಹಾಕಿತು. ಆಗ ಏನಾಯಿತು? ದಕ್ಷಿಣ ಡಕೋಟಾದ ಫಸ್ಟ್ ಪ್ರೀಮಿಯರ್ ಬ್ಯಾಂಕ್ ವರ್ಷಕ್ಕೆ ಶೇ 79.9 ಬಡ್ಡಿಯ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಒಂದು ಕಡೆ ಅದುಮಿದ್ದು ಇನ್ನೊಂದು ಕಡೆ ಉಬ್ಬಿತು.

ನಮ್ಮಲ್ಲಿಗೆ ಬರೋಣ. ಹತ್ತು ಸಾವಿರದ ಮಿತಿ, 1,999 ರೂಪಾಯಿ ಶುಲ್ಕ ಎಂದಿಟ್ಟುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿದರೆ ಸುಮಾರು 2,359 ರೂಪಾಯಿ. ಮಿತಿಯ ಕಾಲು ಭಾಗದ ಹತ್ತಿರ ಹೋಯಿತು. ಅದೇ ಹತ್ತು ಸಾವಿರವನ್ನು ಎಫ್‌ಡಿಯಲ್ಲಿಟ್ಟು ಅದರ ಆಧಾರದ ಮೇಲೆ ಕಾರ್ಡು ಪಡೆದರೆ ಅಸಲು ನಿಮ್ಮದಾಗಿಯೇ ಉಳಿಯುತ್ತದೆ, ಬಡ್ಡಿಯೂ ಬರುತ್ತದೆ. ಇಂಥ ಎಷ್ಟೋ ಕಾರ್ಡುಗಳಿಗೆ ಶುಲ್ಕ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ.

ಹತ್ತು ಸಾವಿರವನ್ನು ಒಟ್ಟಿಗೆ ತೆಗೆದಿಡಲಾಗದ ಗಾರ್ಮೆಂಟ್ಸ್ ಕಾರ್ಮಿಕೆ ಏನು ಮಾಡಬೇಕು? ನನಗೆ ಬಹಳ ಕಾಡುವ ಪ್ರಶ್ನೆ ಇದು. 1928ರಲ್ಲಿ ಟಿ.ಎಂ.ಎ. ಪೈ ಅವರ ಸಿಂಡಿಕೇಟ್ ಬ್ಯಾಂಕು ಕರಾವಳಿಯಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ಮನೆಬಾಗಿಲಿಗೆ ಹೋಗಿ ದಿನಕ್ಕೆರಡಾಣೆ ಸಂಗ್ರಹಿಸಿತು. ಆ ದಾರಿ ಇಂದಿಗೂ ಮುಚ್ಚಿಲ್ಲ. ಆರು ತಿಂಗಳು ಉಳಿಸಿ ಎಫ್‌ಡಿ ಮಾಡಿಸುವುದು ಆರು ತಿಂಗಳ ತಡ, ಅಷ್ಟೇ. ಬ್ಯಾಂಕಿನ ಸಣ್ಣ ಚಿನ್ನದ ಸಾಲವನ್ನು ಗಡುವಿನೊಳಗೆ ತೀರಿಸಿದರೂ ಅದು ವರದಿಯಲ್ಲಿ ದಾಖಲಾಗುತ್ತದೆ. ಇದ್ಯಾವುದೂ ಸಾಧ್ಯವಿಲ್ಲ, ಗೃಹಸಾಲಕ್ಕೆ ಗಡುವು ಹತ್ತಿರವಿದೆ ಎಂದಾಗ ಮಾತ್ರ ಶುಲ್ಕದ ಕಾರ್ಡನ್ನು ನಾನು ಒಪ್ಪುತ್ತೇನೆ. ಅದೂ ಪೂರ್ತಿ ಬಿಲ್ಲನ್ನು ತಿಂಗಳು ತಿಂಗಳೂ ಕಟ್ಟಬಲ್ಲವರಿಗೆ. ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇ 3.5, ವರ್ಷಕ್ಕೆ ಶೇ 42 ಬಡ್ಡಿ ನಮ್ಮಲ್ಲಿ ಸಾಮಾನ್ಯ. ಶೇ 30ರ ಮೇಲೆ ಬಡ್ಡಿ ಹಾಕಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿದೆ. ‘ಕನಿಷ್ಠ ಮೊತ್ತ’ ಕಟ್ಟಿದರೆ ಸಾಕು ಎಂದು ನಂಬಿದವರು ಆ ಬಡ್ಡಿಯಲ್ಲೇ ಮುಳುಗುತ್ತಾರೆ.

ಕಾರ್ಡಿಗೆ ಮೊದಲು ವರದಿಯನ್ನೇ ತರಿಸಿ ಓದಿಸಿ. ನಾಲ್ಕೂ ಕ್ರೆಡಿಟ್ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ತೀರಿಸಿದ ಸಾಲ ಬಾಕಿಯೆಂದು ಕಂಡರೆ ದೂರು ಕೊಡಿಸಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರಕ್ಕೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಬರಿಯ ತಿದ್ದುಪಡಿಯಿಂದ ಸರಿಹೋಗುವ ಸ್ಕೋರಿಗೆ ಯಾರೂ ಶುಲ್ಕ ತೆರಬೇಕಿಲ್ಲ.

ಮೊದಲ ವರ್ಷದ ಒಟ್ಟು ಶುಲ್ಕವನ್ನು ಸಾಲದ ಮಿತಿಗೆ ಹೋಲಿಸಿ ಕಟ್ಟಿಹಾಕುವ ನಿಯಮ ನಮಗೂ ಬೇಕು ಎಂಬುದು ನನ್ನ ಖಚಿತ ನಿಲುವು. ಅದು ಶೇ 25 ಇರಬೇಕೇ, ಶೇ 10 ಸಾಕೇ, ಅಲ್ಲಿ ಅದುಮಿದ್ದು ಬಡ್ಡಿಯಲ್ಲಿ ಉಬ್ಬದಂತೆ ತಡೆಯುವುದು ಹೇಗೆ ಎಂಬುದನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ಚರ್ಚಿಸಿ, ರಿಸರ್ವ್ ಬ್ಯಾಂಕಿಗೆ ಕಳಿಸಬಹುದಾದ ಕರಡೊಂದನ್ನು ಸಂಜೆಯ ಸಮಾರೋಪಕ್ಕೆ ಸಿದ್ಧಮಾಡಿಕೊಡಿ ಎಂದು ಕೇಳಿಕೊಳ್ಳುತ್ತಾ ಸಂಕಿರಣವನ್ನು ಉದ್ಘಾಟಿಸುತ್ತಿದ್ದೇನೆ.